ಹಳೇ ಡ್ಯಾಕ್ ಮಾರೋಕ್ ಮುಂಚೆ ಮಲ್ಟಿಮೀಟರ್ ಹಿಡೀರಿ

"ಹೊಸ ಡ್ಯಾಕ್ ಹಾಕಿದ ತಕ್ಷಣ ತಂಬೂರಿಯ ಒಂದೊಂದು ತಂತಿನೂ ಬಿಡಿಯಾಗಿ ಕೇಳ್ತಿದೆ, ಹಳೇದನ್ನ ಮಾರ್ತಿದೀನಿ" ಅಂತ ಪೋಸ್ಟ್ ಹಾಕಿದೀರಲ್ಲ, ಸ್ವಲ್ಪ ತಡೀರಿ ಸಾರ್. ಡ್ಯಾಕ್ ಅಂದ್ರೆ ಡಿಜಿಟಲ್ ಹಾಡನ್ನ ಆಂಪಿಗೆ (ಆಂಪ್ಲಿಫೈಯರಿಗೆ) ಬೇಕಾದ ಸಿಗ್ನಲ್ ಮಾಡೋ ಪೆಟ್ಟಿಗೆ, ಅಷ್ಟೇ. ಇದೇ ಹಳ್ಳಕ್ಕೆ ನಾನೂ ಬಿದ್ದೆದ್ದವನು.

ನನಗೂ ಹಾಗೇ ಆಗಿತ್ತು, ಮೃದಂಗದ ಚಾಪು ಎದೆಗೇ ಬಡಿದ ಹಾಗೆ. ಖುಷಿಯಲ್ಲಿ ಹಳೇದನ್ನ ಅರ್ಧ ಬೆಲೆಗೆ ಕೊಟ್ಟೆ, ಒಂದು ದುಬಾರಿ ಕೇಬಲ್ಲೂ ತಂದೆ. ಆರು ತಿಂಗಳಾದ್ಮೇಲೆ ಹಳೇ ಡ್ಯಾಕ್ ಕೊಂಡ ಹುಡುಗನೇ ಅದನ್ನ ಮನೆಗೆ ಹೊತ್ಕೊಂಡು ಬಂದ. ಸಿಡಿ ಪ್ಲೇಯರಿನ ಎರಡು ಡಿಜಿಟಲ್ ಔಟ್‌ಪುಟ್ಟಲ್ಲಿ ಆಪ್ಟಿಕಲ್ ಒಂದು ಡ್ಯಾಕಿಗೆ, ಕೊಯಾಕ್ಸಿಯಲ್ ಇನ್ನೊಂದಕ್ಕೆ ಕೊಟ್ಟು, 50 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್ಲಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದ್ವಿ. ಹಳೇದು 2.00 ವೋಲ್ಟ್, ಹೊಸದು 2.30. ಅಂದ್ರೆ 1.2 ಡಿಬಿ (ಡೆಸಿಬಲ್) ಜೋರು. ಇಷ್ಟು ಚೂರಾದ್ರೆ ಜೋರು ಅಂತ ಗೊತ್ತಾಗಲ್ಲ, ಚೆನ್ನಾಗಿದೆ ಅನ್ಸುತ್ತೆ. ಹೊಸದರ ವಾಲ್ಯೂಮ್ ಹಳೇದಕ್ಕೆ ಸಮ ಇಳಿಸಿದ್ಮೇಲೆ, ನನಗೆ ಕಾಣದ ಹಾಗೆ ಹೆಂಡತಿ ಆಂಪಿನ ಸೆಲೆಕ್ಟರ್ ತಿರುಗಿಸ್ತಾ ಹೋದ್ಲು, ಯಾವ ಡ್ಯಾಕ್ ಅಂತ ನಾನು ಹೇಳ್ಬೇಕು. 16ರಲ್ಲಿ 7 ಸರಿ ಹೇಳಿದೆ! ನಾಣ್ಯ ಚಿಮ್ಮಿದ್ರೂ 8 ಬರ್ತಿತ್ತು.

16ಕ್ಕೆ 12 ಆದ್ರೂ ಸರಿ ಬರದೆ ಮಾರೋ ಮಾತೇ ಬೇಡ. ಎರಡರ ಜೋರನ್ನೂ 0.1 ಡಿಬಿ ಒಳಗೆ ಹೊಂದಿಸಿ, 2 ವೋಲ್ಟಿಗೆ 2.02 ದಾಟಬಾರ್ದು. ಫ್ಲೂಕ್ ಥರ ದುಬಾರಿ ಮೀಟರ್ ಏನೂ ಬೇಡ, ಎಲೆಕ್ಟ್ರಿಷಿಯನ್ ಹತ್ರ ಇರೋ ಅಗ್ಗದ್ದೇ ಸಾಕು. ಆದ್ರೆ ಟೋನ್ 50 ಹರ್ಟ್ಸೇ ಇರ್ಲಿ, 1 ಕಿಲೋಹರ್ಟ್ಸಿಗೆ ಅಗ್ಗದ ಮೀಟರ್ ತಪ್ಪು ತೋರಿಸಬಹುದು. ಎರಡು ಪ್ರೋಬೂ ಒಂದಕ್ಕೊಂದು ತಾಗಿಸಿ ಆಂಪ್ ಸುಟ್ಕೋಬೇಡಿ. ಸ್ಪೀಕರ್ ಹೋಲಿಸೋಕೆ ಮಾತ್ರ ಈ ದಾರಿ ನಡೆಯಲ್ಲ, ಅಲ್ಲಿ ಪಿಂಕ್ ನಾಯ್ಸು (ಎಲ್ಲಾ ಸ್ವರ ಬೆರೆತ ಪರೀಕ್ಷೆ ಸದ್ದು), ಮೈಕು ಬೇಕು.

ಹಾಗಂತ ಸಿನಾಡ್ (ಗದ್ದಲ, ವಿಕೃತಿಗಿಂತ ಸಿಗ್ನಲ್ ಎಷ್ಟು ಡಿಬಿ ಮೇಲಿದೆ ಅನ್ನೋ ಅಂಕಿ) ಪಟ್ಟಿ ಹಿಡ್ಕೊಂಡು ಕುಣಿಯೋರೂ ಹಿಗ್ಗಬೇಡಿ. 110ರ ಡ್ಯಾಕ್ ಬಿಟ್ಟು 120ರದ್ದು ತಂದು ಏನ್ ಕೇಳಿಸ್ಕೊಳ್ತೀರಿ? ಸಿಡಿಯ 16 ಬಿಟ್ಟಿಗೇ 98 ಡಿಬಿ ಗಡಿ. ಅತ್ತ 10 ಅಡಿ ರೂಮಲ್ಲಿ 56 ಹರ್ಟ್ಸ್ ಹತ್ರ ಗೋಡೆಗೋಡೆ ಗುಂಯ್‌ಗುಡ್ತಿರುತ್ತೆ, ಅದನ್ನ ಯಾರೂ ಅಳೆಯಲ್ಲ. ಅಳತೆಯೇ ವ್ಯರ್ಥ ಅಂತ ಅಲ್ಲ. ಧ್ವನಿ ವಿಜ್ಞಾನಿ ಫ್ಲಾಯ್ಡ್ ಟೂಲ್ ಕೆನಡಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಎನ್‌ಆರ್‌ಸಿಯಲ್ಲಿ ಸ್ಪೀಕರ್ ಕಾಣದ ಹಾಗೆ ಕೂರಿಸಿ ಕೇಳಿಸಿದಾಗ, ಜನ ಹೆಚ್ಚು ಮೆಚ್ಚಿದ್ದು ಗ್ರಾಫಲ್ಲಿ ಸಪಾಟಾಗಿ ಬಂದವನ್ನೇ.

ದುಡ್ಡು ಕೈ ಕಡೀತಿದ್ರೆ ರೂಮಿನ ಸದ್ದು ಅಳೆಯೋ ಯುಮಿಕ್-1 ಮೈಕ್ ತಗೊಳ್ಳಿ, ಅದರ ಸೀರಿಯಲ್ ನಂಬರಿನ ಕ್ಯಾಲಿಬ್ರೇಷನ್ ಫೈಲನ್ನ ಆರ್‌ಇಡಬ್ಲ್ಯೂ ಅನ್ನೋ ಅಳತೆ ಸಾಫ್ಟ್‌ವೇರಿಗೆ ಹಾಕಿ, ಅದು ಪುಕ್ಕಟೆ. ಅದಕ್ಕೂ ಮುಂಚೆ ಸ್ಪೀಕರನ್ನ ಗೋಡೆಯಿಂದ ಒಂದಡಿ ಈಚೆ ಎಳೀರಿ, ಟೈಲ್ಸ್ ಮೇಲೆ ದಪ್ಪ ಜಮಖಾನ ಹಾಸಿ. ಎರಡೂ ಡ್ಯಾಕಿನ ವೋಲ್ಟೇಜ್ ಎಷ್ಟು ಬಂತು ಅಂತ ಇಲ್ಲೇ ಹಾಕಿ. ಕೇಬಲ್ ವಿಷಯ ಮಾತ್ರ ಕೇಳ್ಬೇಡಿ, ನನ್ನದು ಈಗ ಮಗನ ಟಿವಿ ಹಿಂದೆ ಇದೆ.