ಟೈಮ್ ಸರಿ ಮಾಡಿದ್ದೇ ತಪ್ಪಾಯ್ತಾ?

ಪ್ರಶ್ನೆ: ಸರ್, ನಮ್ಮ ಆಫೀಸಲ್ಲಿ ಒಂದು ಹಳೇ ಲಿನಕ್ಸ್ ಮಶೀನ್ ಇದೆ, ಅದರಲ್ಲಿ ಡವ್‌ಕಾಟ್ 1.2 ಮೇಲ್ ಸರ್ವರ್ ಓಡ್ತಿದೆ. ಒಂದಿನ ನೋಡಿದ್ರೆ ಟೈಮ್ 7 ನಿಮಿಷ ಮುಂದಿತ್ತು, ನಾನೇ ಕೈಯಾರೆ ಸರಿ ಮಾಡಿದೆ, ಮಾಡಿದ ಕ್ಷಣಕ್ಕೇ ಸರ್ವರ್ ನಿಂತೋಯ್ತು. ಲಾಗ್ ನೋಡಿದ್ರೆ ಟೈಮ್ ಹಿಂದಕ್ಕೆ ಹೋಗಿದೆ ಅಂತ ಬರೆದಿದೆ. ರೀಸ್ಟಾರ್ಟ್ ಕೊಟ್ರೆ ಓಡುತ್ತೆ, ಆದ್ರೆ ಈಗಲೂ ಆಗಾಗ ರಾತ್ರಿ ಹೊತ್ತು ಅದೇ ಕತೆ. ರೀಇನ್‌ಸ್ಟಾಲ್ ಮಾಡ್ಲಾ?

ಉತ್ತರ: ಬೇಡ ಮಾರಾಯ್ರೇ, ರೀಇನ್‌ಸ್ಟಾಲ್ ಮಾಡಿದ್ರೂ ನಾಳೆ ರಾತ್ರಿ ಮತ್ತೆ ಸಾಯುತ್ತೆ. ಡವ್‌ಕಾಟ್‌ನ 1.x ವರ್ಷನ್‌ಗಳು ಟೈಮ್ ಕೆಲವು ಸೆಕೆಂಡ್‌ಗಿಂತ ಜಾಸ್ತಿ ಹಿಂದೆ ಹೋಗಿದ್ದು ಕಂಡ್ರೆ ಬೇಕಂತಲೇ ನಿಂತುಬಿಡ್ತವೆ, ಆ ಲಾಗ್ ಸಾಲನ್ನ ಪೂರ್ತಿ ಓದಿ, ನನ್ನನ್ನ ನಾನೇ ಕೊಂದ್ಕೋತೀನಿ ಅನ್ನೋ ಅರ್ಥದಲ್ಲೇ ಇರುತ್ತೆ. ಕೇಳೋಕೆ ನಾಟಕ ಅನ್ಸುತ್ತೆ, ಆದ್ರೆ ಮೇಲ್‌ಡಿರ್‌ನಲ್ಲಿ (ಒಂದೊಂದು ಮೇಲನ್ನೂ ಒಂದೊಂದು ಫೈಲಾಗಿ ಇಡೋ ಪದ್ಧತಿ) ಪ್ರತಿ ಮೇಲ್ ಫೈಲಿನ ಹೆಸರು ಶುರುವಾಗೋದೇ ಆ ಹೊತ್ತಿನ ಸೆಕೆಂಡ್ ಲೆಕ್ಕದಿಂದ, ಕಳೆದುಹೋದ 7 ನಿಮಿಷ ಎರಡನೇ ಸಲ ಬಂದ್ರೆ ಯಾವುದು ಹೊಸದು ಯಾವುದು ಹಳೇದು ಅಂತ ಗೊಂದಲ ಆಗೋ ಬದಲು ನಿಲ್ಲೋದೇ ವಾಸಿ ಅಂತ ಡವ್‌ಕಾಟ್ ಬರೆದೋರು ಅಂದ್ಕೊಂಡಿದ್ರು. 2.0 ಇಂದ ಈಚೆಗೆ ಸಣ್ಣಪುಟ್ಟ ಜಿಗಿತ ತಡ್ಕೊಳ್ಳೋ ಹಾಗೆ ಮಾಡಿದ್ದಾರೆ, ಹಾಗಾಗಿ ಅಪ್‌ಗ್ರೇಡ್ ಹೇಗೂ ಮಾಡಿ.

ಆದ್ರೆ ರಾತ್ರಿ ಹೊತ್ತೇ ಯಾಕೆ? ನಂಗೆ ಅನುಮಾನ ಕ್ರಾನ್ ಮೇಲೆ, ಅಂದ್ರೆ ಹೇಳಿದ ಹೊತ್ತಿಗೆ ಕೆಲಸಗಳನ್ನ ತಾನಾಗೇ ಓಡಿಸೋ ಲಿನಕ್ಸ್ ವ್ಯವಸ್ಥೆ. ಯಾರೋ ಪುಣ್ಯಾತ್ಮರು ದಿನಕ್ಕೊಂದ್ಸಲ ಎನ್‌ಟಿಪಿಡೇಟ್ (ನೆಟ್‌ವರ್ಕಿಂದ ಸರಿಯಾದ ಟೈಮ್ ತಂದು ಹಾಕೋ ಕಮಾಂಡ್) ಓಡಲಿ ಅಂತ ಕ್ರಾನ್‌ಟ್ಯಾಬಲ್ಲಿ, ಅಂದ್ರೆ ಕ್ರಾನಿನ ಪಟ್ಟಿಯಲ್ಲಿ, ಹಾಕಿಟ್ಟಿರ್ತಾರೆ, ವ್ಯತ್ಯಾಸ ಅರ್ಧ ಸೆಕೆಂಡ್ ದಾಟಿದ್ರೆ ಅದು ಟೈಮನ್ನ ಒಂದೇ ಏಟಿಗೆ ಎಳೆದು ಕೂರಿಸುತ್ತೆ. ನಿಮ್ಮ ಗಡಿಯಾರ ದಿನಾ ಕೆಲವು ಸೆಕೆಂಡ್ ಮುಂದೆ ಓಡ್ತಿದ್ರೆ ಸಾಕು, ದಿನಾ ರಾತ್ರಿ ಹಿಂದಕ್ಕೊಂದು ಜಿಗಿತ. ಸರ್ವರ್ ಸತ್ತ ಟೈಮೂ ಕ್ರಾನ್ ಟೈಮೂ ಒಂದೇನಾ ನೋಡಿ, ಒಂದೇ ಆಗಿದ್ರೆ ಆ ಸಾಲು ಅಳಿಸಿ, ಕ್ರೋನಿ ಅಥವಾ ಎನ್‌ಟಿಪಿಡಿ ಅನ್ನೋ ಟೈಮ್ ಸಿಂಕ್ ಪ್ರೋಗ್ರಾಂ ಹಾಕಿ, ಅವು ಹಗಲು ರಾತ್ರಿ ಕೂತು ಗಡಿಯಾರದ ವೇಗವನ್ನೇ ಚೂರು ಹೆಚ್ಚುಕಮ್ಮಿ ಮಾಡ್ತಾ ಸರಿಗೆ ತರ್ತವೆ. ಮಶೀನ್ ವರ್ಚುವಲ್ ಆಗಿದ್ರೆ ಹೋಸ್ಟ್ (ಅದನ್ನ ಒಳಗೆ ಓಡಿಸ್ತಿರೋ ಅಸಲಿ ಮಶೀನ್) ಕಡೆಯಿಂದಲೂ ಟೈಮ್ ಸಿಂಕ್ ಆನ್ ಇದ್ಯಾ ನೋಡಿ, ಇಬ್ರೂ ಹಗ್ಗ ಎಳೆದಾಡಿದ್ರೆ ಮುಗೀತು ಕತೆ.

ಹಾಗಂತ 7 ನಿಮಿಷವನ್ನ ನಿಧಾನಕ್ಕೆ ಸರಿ ಮಾಡೋಕೆ ಹೋಗ್ಬೇಡಿ. ಎನ್‌ಟಿಪಿಡಿ ನಿಧಾನಕ್ಕೆ ಎಳೆಯೋದು ಹೆಚ್ಚೆಂದ್ರೆ 500 ಪಿಪಿಎಂ (ಹತ್ತು ಲಕ್ಷಕ್ಕೆ 500 ಪಾಲು), ಅಂದ್ರೆ 1 ಸೆಕೆಂಡಿಗೆ 2000 ಸೆಕೆಂಡ್ ಬೇಕು, 420 ಸೆಕೆಂಡಿಗೆ ಹತ್ತಿರ ಹತ್ತಿರ 10 ದಿನ! ಅಂಥಾ ದೊಡ್ಡ ವ್ಯತ್ಯಾಸ ಇದ್ದಾಗ ಮೊದಲು ಡವ್‌ಕಾಟ್ ನಿಲ್ಸಿ, ಆಮೇಲೆ ಟೈಮ್ ಕೂರ್ಸಿ, ಹಾರ್ಡ್‌ವೇರ್ ಗಡಿಯಾರಕ್ಕೂ ಅದನ್ನೇ ಬರೆದು, ಕೊನೆಗೆ ಸ್ಟಾರ್ಟ್ ಮಾಡಿ. ಬೂಟ್ ಆಗುವಾಗಲೂ ಇದೇ ಕ್ರಮ ಇರಲಿ. ಆಫ್ ಮಾಡಿ ಆನ್ ಮಾಡಿದಾಗೆಲ್ಲ ವರ್ಷಾನುಗಟ್ಟಲೆ ಹಿಂದಿನ ತಾರೀಖು ತೋರ್ಸಿದ್ರೆ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ, ಬದಲಾಯ್ಸಿ.

ಪ್ರಶ್ನೆ: ಪಾಸ್‌ವರ್ಡ್ ಸರಿ ಇದ್ರೂ ಒಂದು ಸರ್ವರ್‌ಗೆ ಮಾತ್ರ ಡೊಮೇನ್ ಲಾಗಿನ್ ಆಗ್ತಿಲ್ಲ. ಇದೂ ಟೈಮ್ ಕಾಟಾನಾ?

ಉತ್ತರ: ಇರಬಹುದು. ಡೊಮೇನ್ ಲಾಗಿನ್‌ನಲ್ಲಿ ನೀವು ಯಾರು ಅಂತ ಪರೀಕ್ಷೆ ಮಾಡೋ ಕರ್ಬರಾಸ್ ಡಿಫಾಲ್ಟ್ ಆಗಿ 5 ನಿಮಿಷದ ವ್ಯತ್ಯಾಸ ಮಾತ್ರ ಒಪ್ಪುತ್ತೆ, ಅದು ದಾಟಿದ್ರೆ ಒಳಗೆ ಬಿಡಲ್ಲ. ಪಾಸ್‌ವರ್ಡ್ ರೀಸೆಟ್ ಮಾಡೋಕೆ ಮುಂಚೆ ಆ ಸರ್ವರ್‌ದೂ ಡೊಮೇನ್ ಸರ್ವರ್‌ದೂ ಯುಟಿಸಿ ಟೈಮ್ (ಜಗತ್ತಿಗೆಲ್ಲ ಒಂದೇ ಆದ ಸಮಯ) ಪಕ್ಕಪಕ್ಕ ಇಟ್ಟು ನೋಡಿ, ಲೋಕಲ್ ಟೈಮ್ ನೋಡ್ಬೇಡಿ, ಟೈಮ್‌ಝೋನ್ ತಪ್ಪಿದ್ರೆ ಕಣ್ಣಿಗೆ ಸರಿ ಕಂಡ್ರೂ ಒಳಗೆ ಗಂಟೆಗಟ್ಟಲೆ ಆಚೀಚೆ ಇರುತ್ತೆ.

ಅಂದಹಾಗೆ ಉಲ್ಟಾನೂ ಆಗಿದೆ. 2012ರ ಜೂನ್ 30ರ ಲೀಪ್ ಸೆಕೆಂಡ್ (ಭೂಮಿಯ ತಿರುಗಾಟಕ್ಕೆ ಹೊಂದಿಸೋಕೆ ಗಡಿಯಾರಕ್ಕೆ ಸೇರಿಸಿದ ಒಂದು ಹೆಚ್ಚುವರಿ ಸೆಕೆಂಡ್) ಆದ್ಮೇಲೆ ಎಷ್ಟೋ ಲಿನಕ್ಸ್ ಸರ್ವರ್‌ಗಳಲ್ಲಿ ಜಾವಾ, ಮೈಎಸ್‌ಕ್ಯುಎಲ್ ಎಲ್ಲಾ ಸಿಪಿಯು ತಿಂದು ಕೂತಿದ್ವು, ಆಗ ಮದ್ದು ಆಗಿದ್ದೇ ಡೇಟ್ ಕಮಾಂಡಿಂದ ಇದ್ದ ಟೈಮನ್ನೇ ಇನ್ನೊಂದ್ಸಲ ಸೆಟ್ ಮಾಡೋದು.