ಓದುಗರ ಪ್ರಶ್ನೆ: ಟೀ ಫ್ಯಾಕ್ಟರಿ ನೋಡೋಕೆ ಹೋಗಿ ಬೇಜಾರಾಗಿ ಬಂದ್ವಿ, ದುಡ್ಡು ವಾಪಸ್ ಕೇಳಬಹುದಾ?

ಪ್ರಶ್ನೆ: ಮೇಡಂ ನಮಸ್ಕಾರ. ನಾವು ಮಂಡ್ಯ ಹತ್ರದವರು. ಬೇಸಿಗೆ ರಜೆಲಿ ನಾವು, ಅತ್ತೆ ಮಾವ, ನಾದಿನಿ ಮನೆಯವರು ಎಲ್ಲಾ ಸೇರಿ ಒಂಬತ್ತು ಜನ ಊಟಿ ಕಡೆ ಹೋಗಿದ್ವಿ. ನನ್ನ ಮಗ ಐದನೇ ಕ್ಲಾಸು, ಹಸಿರು ಎಲೆ ಹೆಂಗೆ ಕರಿ ಪುಡಿ ಆಗುತ್ತೆ ನೋಡ್ಬೇಕು ಅಂತ ಒಂದು ತಿಂಗಳಿಂದ ಹಠ ಹಿಡಿದಿದ್ದ, ಅದಕ್ಕೇ ಟೀ ಫ್ಯಾಕ್ಟರಿ ಟೂರ್ ಅಂತ ಒಂದು ಕಡೆ ಆನ್‌ಲೈನ್‌ನಲ್ಲಿ ಒಂಬತ್ತು ಟಿಕೆಟ್ ಬುಕ್ ಮಾಡಿದ್ವಿ, ತಲೆಗೆ ನೂರು ರೂಪಾಯಿ, "ಲೈವ್ ಆಗಿ ಟೀ ತಯಾರಾಗೋದು ನೋಡಿ, ಒಂದು ಕಪ್ ಬಿಸಿ ಟೀ ಫ್ರೀ" ಅಂತ ಹಾಕಿದ್ರು. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟು, ಬಂಡೀಪುರದ ಗೇಟ್ ಆರಕ್ಕೆ ತೆಗೆಯೋವರೆಗೂ ಕಾದು, ಇ-ಪಾಸ್ ತೋರಿಸಿ ಹೋಗಿದ್ದು. ಅಲ್ಲಿ ಒಂದು ಗಂಟೆ ಬಿಸಿಲಲ್ಲಿ ಕ್ಯೂ. ಒಳಗೆ ಹೋದ್ರೆ ಮಷೀನ್ ಒಂದೂ ಓಡ್ತಿಲ್ಲ, ಎಲ್ಲದಕ್ಕೂ ಟಾರ್ಪಾಲ್ ಹೊದಿಸಿದ್ರು. ಕೇಳಿದ್ರೆ ಇವತ್ತು ಭಾನುವಾರ ಓಡಲ್ಲ ಅಂತಾರೆ, ಅದನ್ನ ಕೌಂಟರಲ್ಲಿ ಯಾರೂ ಹೇಳಲಿಲ್ಲ. ನಮ್ಮತ್ತೆಗೆ ಮಂಡಿ ನೋವು, ಐದು ನಿಮಿಷ ಕೂರ್ತೀವಿ ಅಂದ್ರೆ "ಮುಂದೆ ನಡೀರಿ, ಹಿಂದೆ ಜನ ಇದಾರೆ" ಅಂತ ಎಲ್ಲರ ಎದುರಿಗೆ ಗದರಿದ್ರು. ಟೀ ಅಂತ ಕೊಟ್ಟಿದ್ದು ಎರಡು ಗುಟುಕು, ತಣ್ಣಗಾಗಿತ್ತು, ಮಕ್ಕಳಿಗೆ ಇಲ್ಲ ಅಂದ್ರು. ಹೊರಗೆ ಬರೋಕೆ ಇರೋದು ಅವರ ಅಂಗಡಿ ಮೂಲಕ ಒಂದೇ ದಾರಿ. ಅಲ್ಲಿ ಟೀ ಪುಡಿ, ಹೋಮ್‌ಮೇಡ್ ಚಾಕಲೇಟ್ ಅಂತ 2,400 ರೂಪಾಯಿಗೆ ತಗೊಂಡ್ವಿ, ಬಿಲ್ ಕೇಳಿದ್ರೆ ಚೀಟಿ ಮೇಲೆ ಬರೆದುಕೊಟ್ರು. ಮನೆಗೆ ಬಂದು ನೋಡಿದ್ರೆ ಚಾಕಲೇಟ್ ಮೇಲೆ ಬಿಳಿ ಬಿಳಿ, ಡಬ್ಬದ ಮೇಲೆ ಡೇಟೂ ಇಲ್ಲ, ಹೆಸರೂ ಇಲ್ಲ. ಫೋನ್ ಮಾಡಿದ್ರೆ "ಒಂದ್ಸಲ ಮಾರಿದ್ದು ವಾಪಸ್ ಇಲ್ಲ, ಬೇಕಾದ್ರೆ ಕೇಸ್ ಹಾಕ್ಕೊಳಿ" ಅಂದ್ರು. ನಮ್ಮ ಮನೆಯವರು ಒಂಬೈನೂರು ರೂಪಾಯಿಗೆ ಊಟಿ ಕೋರ್ಟಿಗೆ ಅಲೀತೀಯಾ ಬಿಟ್ಟಾಕು ಅಂತಾರೆ. ನನಗೆ ದುಡ್ಡಿಗಿಂತ ಮಗನ ಮುಖ ನೋಡಿ ಹೊಟ್ಟೆ ಉರೀತು. ಏನಾದ್ರೂ ಮಾಡಬಹುದಾ ಮೇಡಂ?
— ಒಬ್ಬ ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡ್ತೀನಿ, ನೀವು ಊಟಿ ಕೋರ್ಟಿಗೆ ಅಲೀಬೇಕಾಗಿಲ್ಲ, ಮಂಡ್ಯದಲ್ಲೇ ಕೂತು ಮಾಡಬಹುದು, ಅದು ಹೇಗೆ ಅಂತ ಕೆಳಗೆ ಹೇಳ್ತೀನಿ.

ಅದಕ್ಕೂ ಮುಂಚೆ ಮಷೀನ್ ವಿಷಯ. ಭಾನುವಾರ ಫ್ಯಾಕ್ಟರಿ ಓಡಲಿಲ್ಲ ಅನ್ನೋದನ್ನೇ ತಪ್ಪು ಅಂತ ನಾನು ಹೇಳಲ್ಲ, ಯಾಕಂದ್ರೆ ಟೀ ಫ್ಯಾಕ್ಟರಿ ನಡೆಯೋದು ತೋಟದಿಂದ ಎಲೆ ಬಂದ್ರೆ ಮಾತ್ರ. ಎಲೆ ಕೀಳೋರಿಗೆ ವಾರದ ರಜೆ ಇದ್ರೆ ಆ ದಿನ ಹಸಿ ಎಲೆ ಇರಲ್ಲ, ಕಿತ್ತ ಎಲೆ ಬಂದಮೇಲೂ ತಕ್ಷಣ ಮಷೀನಿಗೆ ಹಾಕಲ್ಲ, ಉದ್ದನೆ ತೊಟ್ಟಿ ಥರ ಇರೋದ್ರಲ್ಲಿ ಹರಡಿ ಕೆಳಗಿಂದ ಗಾಳಿ ಬಿಟ್ಟು ಹನ್ನೆರಡು ಹದಿನೈದು ಗಂಟೆ ಬಾಡಿಸ್ತಾರೆ, ಆಮೇಲೆ ಸಿಟಿಸಿ ರೋಲರ್ ಮಧ್ಯೆ ಹಾಯಿಸಿ ನಜ್ಜಿ ಹರಿದು ಸುರುಳಿ ಮಾಡೋದು, ನಾವು ಮನೇಲಿ ಕುಡಿಯೋ ಕಾಳು ಕಾಳು ಪುಡಿ ಅದೇ. ಆಗಲೂ ಅದು ಹಸಿರಾಗೇ ಇರುತ್ತೆ ಗೊತ್ತಾ, ಗಾಳಿಗೆ ಬಿಟ್ಟಾಗ ನೋಡ್ತಾ ನೋಡ್ತಾ ತಾಮ್ರದ ಬಣ್ಣಕ್ಕೆ ತಿರುಗುತ್ತೆ, ಕತ್ತರಿಸಿಟ್ಟ ಸೇಬು ಕಂದಾಗುತ್ತಲ್ಲ ಹಾಗೆ, ಕೊನೆಗೆ ಬಿಸಿ ಗಾಳಿಲಿ ಒಣಗಿಸಿದಾಗ ಕಪ್ಪಾಗುತ್ತೆ. ಒಂದು ಕೆಜಿ ಪುಡಿಗೆ ಹೆಚ್ಚೂ ಕಮ್ಮಿ ನಾಲ್ಕೂವರೆ ಕೆಜಿ ಹಸಿ ಎಲೆ ಬೇಕು. ನಿಮ್ಮ ಮಗ ನೋಡ್ಬೇಕು ಅಂದಿದ್ದು ಇದನ್ನೇ, ಆ ಬಣ್ಣ ಬದಲಾಗೋ ಜಾಗ. ಅವನಿಗೆ ಇದನ್ನ ಓದಿ ಹೇಳಿ, ಇನ್ನೊಂದ್ಸಲ ಬೇರೆ ಕಡೆ ಕರ್ಕೊಂಡು ಹೋಗುವಾಗ ವಾರದ ಮಧ್ಯೆ ಹೋಗಿ, ಹೊರಡೋ ಹಿಂದಿನ ದಿನ ಫೋನ್ ಮಾಡಿ "ನಾಳೆ ಎಲೆ ಬರುತ್ತಾ, ರೋಲರ್ ಎಷ್ಟೊತ್ತಿಗೆ ಓಡುತ್ತೆ" ಅಂತ ಕೇಳಿ.

ಆದ್ರೆ ಓಡಲ್ಲ ಅಂತ ಗೊತ್ತಿದ್ದೂ ಲೈವ್ ಅಂತ ಟಿಕೆಟ್ ಮಾರಿದ್ದು, ನೀವು ಕೌಂಟರಿಗೆ ಬಂದಾಗಲೂ ಬಾಯಿ ಬಿಡದೆ ಇದ್ದಿದ್ದು, ಇದು ಪೂರ್ತಿ ಅವರ ತಪ್ಪು. ನಿಮ್ಮೂರ ಕಡೆ ಆಲೆಮನೆಗೇ ಹೋಗಿ ನೋಡಿ. ಗಾಣ ಓಡದೇ ಇರೋ ದಿನ ಹೋದ್ರೆ ಆತ ಏನಂತಾನೆ, "ಇವತ್ತು ಕೊಪ್ಪರಿಗೆ ಒಲೆ ಮೇಲೆ ಏರಿಲ್ಲ ಕಣಮ್ಮ, ನಾಳೆ ಬೆಳಿಗ್ಗೆ ಬಾ" ಅಂತಾನೆ, ಜೊತೆಗೆ ಮಕ್ಕಳ ಕೈಗೆ ಒಂದೊಂದು ಉಂಡೆ ಬೆಲ್ಲ ಕೊಟ್ಟು ಕಳಿಸ್ತಾನೆ. ಅಲ್ಲಿ ಟಿಕೆಟ್ಟೂ ಇಲ್ಲ, ವೆಬ್‌ಸೈಟೂ ಇಲ್ಲ. ಅಷ್ಟು ಹೇಳೋಕೆ ನೂರು ರೂಪಾಯಿ ತಗೊಳ್ಳೋರಿಗೆ ಏನು ಕಷ್ಟ ಆಗಿತ್ತು ಅಂತ ನನಗೂ ಸಿಟ್ಟೇ ಬಂತು. ಮಂಡಿ ನೋವಿರೋ ಹಿರಿಯರಿಗೆ ಒಂದು ಕುರ್ಚಿ ಹಾಕದೇ ಗದರಿದ್ದಂತೂ ಕ್ಷಮಿಸೋ ಮಾತಲ್ಲ.

ಈಗ ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈಯಿಂದ ಜಾರಿಲಿರೋದು, ಅದರಲ್ಲಿ ಸೇವಾ ನ್ಯೂನತೆ ಅಂದ್ರೆ ಏನು ಅಂತ ಬರೆದಿದಾರಲ್ಲ, ಅದರೊಳಗೆ ಗ್ರಾಹಕರಿಗೆ ಗೊತ್ತಾಗಬೇಕಾದ ಮಾಹಿತಿನ ಬೇಕಂತ ಮುಚ್ಚಿಡೋದೂ ಸೇರಿದೆ. ನಿಮ್ಮ ಕೇಸು ಸರಿಯಾಗಿ ಅದೇ. ಬಿಲ್ ಕೊಡದೇ ಇರೋದು ಅದೇ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ, ಕೆಟ್ಟ ಸಾಮಾನು ಮಾರಿ ವಾಪಸ್ ತಗೊಳ್ಳಲ್ಲ ಅನ್ನೋದೂ ಅಷ್ಟೇ, ಬಿಲ್ಲಲ್ಲಿ ಇಷ್ಟು ದಿನ ಅಂತ ಬರೆದಿಲ್ಲ ಅಂದ್ರೆ ಮೂವತ್ತು ದಿನದ ಒಳಗೆ ವಾಪಸ್ ತಗೊಂಡು ದುಡ್ಡು ಕೊಡಬೇಕು. "ಒಂದ್ಸಲ ಮಾರಿದ್ದು ವಾಪಸ್ ಇಲ್ಲ" ಅಂತ ಗೋಡೆಗೆ ಬೋರ್ಡ್ ಹಾಕ್ಕೊಂಡ್ರೆ ಕಾಯ್ದೆ ಬದಲಾಗಲ್ಲ. ಅದಕ್ಕೇ ತಡ ಮಾಡಬೇಡಿ, ಚಾಕಲೇಟ್ ವಾಪಸ್ ಕೊಡ್ತೀವಿ ಅಂತ ಇವತ್ತೇ ಬರವಣಿಗೆಲಿ ತಿಳಿಸಿ.

ಆ ಚಾಕಲೇಟಿನ ಬಿಳಿ ಬಗ್ಗೆ ಒಂದು ಮಾತು, ಅದು ಫಂಗಸ್ಸೇ ಆಗಿರಬೇಕು ಅಂತ ಇಲ್ಲ. ಚಾಕಲೇಟ್ ಬಿಸಿಲಲ್ಲಿ ಕರಗಿ ಮತ್ತೆ ಗಟ್ಟಿಯಾದ್ರೆ ಒಳಗಿನ ಕೊಬ್ಬು ಮೇಲಕ್ಕೆ ಬಂದು ಬೂದಿ ಬಳಿದ ಹಾಗೆ ಕಾಣುತ್ತೆ, ಕಾರಲ್ಲಿ ಇಟ್ಟುಕೊಂಡು ಬಂದಿದ್ರೆ ಅದೂ ಕಾರಣ ಇರಬಹುದು. ಬೆರಳ ಬಿಸಿಗೆ ಆ ಬಿಳಿ ಕರಗಿ ಹೋದ್ರೆ ಕೊಬ್ಬು, ಹತ್ತಿ ಎಳೆ ಥರ ಕೂದಲು ಕೂದಲಾಗಿದ್ದು ಮುಗ್ಗಲು ವಾಸನೆ ಬಂದ್ರೆ ಬೂಷ್ಟು. ಯಾವುದೇ ಆಗಲಿ ಡೇಟ್ ಇಲ್ಲದ ಡಬ್ಬದ್ದು ಮಕ್ಕಳಿಗೆ ಕೊಡಬೇಡಿ, ಹಾಗಂತ ಎಸೀಬೇಡಿ, ಫ್ರಿಜ್ಜಲ್ಲಿ ಇಟ್ಟು ಫೋಟೋ ತೆಗೀರಿ. ಪ್ಯಾಕ್ ಮಾಡಿ ಮಾರೋ ತಿಂಡಿ ಮೇಲೆ ತಯಾರಿಸಿದವರ ಹೆಸರು ವಿಳಾಸ, ತಯಾರಾದ ದಿನ, ಎಲ್ಲಿವರೆಗೆ ತಿನ್ನಬಹುದು ಅನ್ನೋದು, ತೂಕ, ಎಂಆರ್‌ಪಿ, ಹಸಿರು ಚುಕ್ಕೆ, ಮತ್ತೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಲೇಬೇಕು. ಹೋಮ್‌ಮೇಡ್ ಅಂತ ಬರೆದಾಕ್ಷಣ ಇದರಿಂದ ವಿನಾಯಿತಿ ಸಿಗಲ್ಲ, ಸಣ್ಣಪುಟ್ಟ ತಯಾರಕರಿಗೂ ರಿಜಿಸ್ಟ್ರೇಷನ್ ಇರಬೇಕು. ಫುಡ್ ಸೇಫ್ಟಿ ಕನೆಕ್ಟ್ ಅಂತ ಒಂದು ಆ್ಯಪ್ ಇದೆ, ಆ ಡಬ್ಬದ ಫೋಟೋ ಹಾಕಿ ಕಂಪ್ಲೇಂಟ್ ಕೊಡಿ.

ಟಿಕೆಟ್ ದುಡ್ಡಿಗೆ ಹೀಗೆ ಮಾಡಿ. ಮೊದಲು ಅವರ ಇಮೇಲಿಗೆ ಅಥವಾ ರಿಜಿಸ್ಟರ್ಡ್ ಪೋಸ್ಟಲ್ಲಿ ಒಂದು ಪತ್ರ, ಯಾವ ದಿನ ಹೋಗಿದ್ರಿ, ಏನಂತ ಜಾಹೀರಾತು ಇತ್ತು, ಏನು ಸಿಕ್ತು, ಎಷ್ಟು ವಾಪಸ್ ಬೇಕು, ಹದಿನೈದು ದಿನ ಟೈಮು, ಅಷ್ಟೇ, ಬೈಗುಳ ಬೇಡ. ಅವರ ವೆಬ್‌ಸೈಟ್‌ನ ಆ "ಲೈವ್" ಅಂತಿರೋ ಪೇಜಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಟ್ಕೊಳಿ, ನಾಳೆ ತೆಗೆದುಹಾಕಬಹುದು. ಟಾರ್ಪಾಲ್ ಹೊದಿಸಿದ ಮಷೀನಿನ ಫೋಟೋ ಯಾರಾದ್ರೂ ತೆಗೆದಿರ್ತಾರೆ, ಮನೆಯವರೆಲ್ಲರ ಫೋನ್ ನೋಡಿ. ಬಿಲ್ ಇಲ್ಲ ಅಂತ ಹೆದರಬೇಡಿ, ಯುಪಿಐಲಿ ಕೊಟ್ಟಿದ್ರೆ ಅದೇ ದಾಖಲೆ, ಆ ಕೈಬರಹದ ಚೀಟಿನೂ ಇಟ್ಕೊಳಿ.

ಉತ್ತರ ಬರಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟ್ ಅಲ್ಲ, ತೀರ್ಪು ಕೊಡಲ್ಲ, ನಿಮ್ಮ ಪರವಾಗಿ ಕಂಪನಿಗೆ ದೂರು ಕಳಿಸಿ ಉತ್ತರ ಕೇಳ್ತಾರೆ, ಇಷ್ಟು ಸಣ್ಣ ಮೊತ್ತಕ್ಕೆ ಮೊದಲು ಇದನ್ನೇ ಪ್ರಯತ್ನ ಮಾಡಿ ಅನ್ನೋದು ನನ್ನ ಸಲಹೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಮಂಡ್ಯ ಜಿಲ್ಲಾ ಗ್ರಾಹಕ ಆಯೋಗ. ಮುಂಚೆ ಎದುರು ಪಾರ್ಟಿ ಇರೋ ಊರಲ್ಲೋ ಘಟನೆ ನಡೆದ ಊರಲ್ಲೋ ಕೇಸ್ ಹಾಕಬೇಕಿತ್ತು, 2019ರ ಕಾಯ್ದೆ ಬಂದಮೇಲೆ ಗ್ರಾಹಕರು ವಾಸ ಇರೋ ಜಿಲ್ಲೆಲೇ ಹಾಕಬಹುದು, ಫ್ಯಾಕ್ಟರಿ ತಮಿಳುನಾಡಲ್ಲಿದ್ರೂ ಪರವಾಗಿಲ್ಲ. ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ರೆ ಫೀಸ್ ಇಲ್ಲ, ವಕೀಲರು ಕಡ್ಡಾಯ ಇಲ್ಲ, ಎರಡು ವರ್ಷದ ಒಳಗೆ ಹಾಕಿದ್ರೆ ಆಯ್ತು. ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಲೇ ಸಲ್ಲಿಸಬಹುದು. ನಿಮ್ಮ ಮನೆಯವರು ಹೇಳಿದ್ದರಲ್ಲೂ ಸ್ವಲ್ಪ ನಿಜ ಇದೆ, ಆಯೋಗದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತೆ, ಅಷ್ಟು ತಾಳ್ಮೆ ಇದೆಯಾ ಅಂತ ಮನೇಲಿ ಕೂತು ಮಾತಾಡಿ. ಆದ್ರೆ 1915ಕ್ಕೆ ಒಂದು ಫೋನು ಮತ್ತೆ ಆ್ಯಪಲ್ಲಿ ಡಬ್ಬದ ಫೋಟೋ, ಇವೆರಡನ್ನ ಮಾತ್ರ ಬಿಡಬೇಡಿ, ಲೇಬಲ್ ಇಲ್ಲದ ಅದೇ ಡಬ್ಬ ದಿನಾ ನೂರಾರು ಮಕ್ಕಳ ಕೈಗೆ ಹೋಗ್ತಿರುತ್ತೆ.

ಪ್ರಶ್ನೆ: ಇಂಥದ್ದೇ ಒಂದು ಫ್ಯಾಕ್ಟರಿ ಜೊತೆಗಿರೋ ಹೋಟೆಲಲ್ಲಿ ಊಟ ಮಾಡಿದ್ವಿ, ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ಹತ್ತು ಪರ್ಸೆಂಟ್ ಸೇರಿಸಿದ್ರು. ಊಟ ಬರೋಕೆ ಮುಕ್ಕಾಲು ಗಂಟೆ, ನೀರು ಕೇಳಿದ್ರೂ ತಂದುಕೊಡಲಿಲ್ಲ. ಕೊಡಲೇಬೇಕಾ?
— ಹುಬ್ಬಳ್ಳಿ

ಉತ್ತರ: ಕೊಡಬೇಕಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೋಟೆಲಿನವರು ಸರ್ವಿಸ್ ಚಾರ್ಜನ್ನ ತಾವಾಗೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಲ್ಲೂ ವಸೂಲಿ ಮಾಡಬಾರದು ಅಂತ ಮಾರ್ಗಸೂಚಿ ಹೊರಡಿಸಿದೆ, ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದ್ವು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿನ ಎತ್ತಿ ಹಿಡೀತು. ಜಿಎಸ್‌ಟಿ ಬೇರೆ, ಅದು ಸರ್ಕಾರಕ್ಕೆ ಹೋಗೋದು, ಅದನ್ನ ಕೊಡಲೇಬೇಕು. ದುಡ್ಡು ಕೊಡೋಕೆ ಮುಂಚೆ ಬಿಲ್ ಓದಿ, ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಕೊಡಿ ಅಂತ ಕೌಂಟರಲ್ಲಿ ಕೇಳಿ. ಆಗಲೇ ಕೊಟ್ಟು ಬಂದಿದ್ರೆ ಆ ಬಿಲ್ಲಿನ ಫೋಟೋ ಇಟ್ಕೊಂಡು 1915ಕ್ಕೆ ದೂರು ಕೊಡಿ.