ಮೀಸೆ ಬಿಟ್ಟರೆ ಸಾಲದು, ಕೇಳಿದವರಿಗೆ ಹೇಳಲು ಉತ್ತರವೂ ಇರಬೇಕು

ಕ್ಯಾನ್ಸರ್ ಜಾಗೃತಿಗಾಗಿ, ದೇಣಿಗೆಗಾಗಿ ನವೆಂಬರ್‌ನಲ್ಲಿ ಮೀಸೆ, ಗಡ್ಡ ಬಿಡುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಆಫೀಸಿನಲ್ಲಿ ಕೆಲವರು ‘ಮೊವೆಂಬರ್’ ಅನ್ನುತ್ತಾರೆ, ಕೆಲವರು ‘ನೋ ಶೇವ್ ನವೆಂಬರ್’ ಅನ್ನುತ್ತಾರೆ. ಎರಡೂ ಒಂದೇನಾ ಸರ್? ನನಗೆ ಮೊದಲಿಂದಲೂ ಗಡ್ಡವಿದೆ. ನಾನು ಸೇರಬಹುದಾ?

ಉತ್ತರ: ಎರಡೂ ಬೇರೆ ಬೇರೆ. ಮೊವೆಂಬರ್ ಶುರುವಾದದ್ದು 2003ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, 30 ಮಂದಿ ಗೆಳೆಯರಿಂದ. ಮರುವರ್ಷದಿಂದ ಅದು ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಹಣ ಕೂಡಿಸುವ ಅಭಿಯಾನವಾಯಿತು. ಈಗ ವೃಷಣದ ಕ್ಯಾನ್ಸರ್, ಗಂಡಸರ ಮಾನಸಿಕ ಆರೋಗ್ಯ ಕೂಡ ಅದರ ವ್ಯಾಪ್ತಿಯಲ್ಲಿವೆ. ಅಲ್ಲಿನ ನಿಯಮ ಕಟ್ಟುನಿಟ್ಟು: ನವೆಂಬರ್ 1ಕ್ಕೆ ಮುಖ ನುಣ್ಣಗಿರಬೇಕು, ಆಮೇಲೆ ಬಿಡಬೇಕಾದದ್ದು ಮೀಸೆ ಮಾತ್ರ. ಅದು ಕೆನ್ನೆಗೂದಲಿಗೆ ಕೂಡಿಕೊಂಡರೆ ಗಡ್ಡ ಅನ್ನಿಸಿಕೊಳ್ಳುತ್ತದೆ, ಗದ್ದದ ಕೆಳಗೆ ಸುತ್ತಿಕೊಂಡರೆ ‘ಗೋಟಿ’ (ಗದ್ದದ ಕಿರುಗಡ್ಡ) ಆಗುತ್ತದೆ. ಎರಡೂ ಲೆಕ್ಕಕ್ಕಿಲ್ಲ.

ನೋ ಶೇವ್ ನವೆಂಬರ್ ಅಮೆರಿಕದ್ದು. ದೊಡ್ಡಕರುಳಿನ ಕ್ಯಾನ್ಸರ್‌ನಿಂದ ತಂದೆಯನ್ನು ಕಳೆದುಕೊಂಡ ಹಿಲ್ ಕುಟುಂಬ 2009ರಲ್ಲಿ ಇದನ್ನು ಅಭಿಯಾನವಾಗಿ ನಡೆಸತೊಡಗಿತು. ತಿಂಗಳಿಡೀ ರೇಜರ್, ಬ್ಲೇಡ್, ಕ್ಷೌರಕ್ಕೆ ಖರ್ಚಾಗುತ್ತಿದ್ದ ಹಣವನ್ನು ಉಳಿಸಿ ದಾನ ಮಾಡುವುದು ಇದರ ತಿರುಳು. ನಿಮಗೆ ಗಡ್ಡ ತೆಗೆಯುವ ಮನಸ್ಸಿಲ್ಲದಿದ್ದರೆ ಇದೇ ಸರಿ. ಆದರೆ ಮಾತು ಹುಟ್ಟಬೇಕು ಅನ್ನುವುದಾದರೆ ಇರುವ ಗಡ್ಡವನ್ನು ಪೂರ್ತಿ ಬೋಳಿಸಿಬಿಡಿ ಎಂದೇ ನಮ್ಮ ಸಲಹೆ. ಮುಖ ಒಮ್ಮೆಗೇ ಬದಲಾದರೆ ‘ಏನಾಯ್ತು?’ ಎಂದು ಜನ ತಾವಾಗಿಯೇ ಕೇಳುತ್ತಾರೆ.

ಪ್ರಶ್ನೆ: ನನ್ನ ಮೀಸೆ ಅಲ್ಲಲ್ಲಿ ವಿರಳ. ಒಂದು ತಿಂಗಳಿಗೆ ಏನು ಬಂದೀತು? ಎರಡನೇ ವಾರ ತುರಿಕೆ ತಡೆಯಲಾಗದೆ ಕಳೆದ ಬಾರಿ ತೆಗೆದುಬಿಟ್ಟೆ.

ಉತ್ತರ: ಮುಖದ ಕೂದಲು ದಿನಕ್ಕೆ ಹೆಚ್ಚುಕಡಿಮೆ 0.4 ಮಿಲಿಮೀಟರ್ ಬೆಳೆಯುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರ್ ಆಸುಪಾಸು. ಹುರಿಮೀಸೆಯ ಆಸೆ ಬೇಡ, ಆದರೆ ಎದುರಿನವರ ಕಣ್ಣಿಗೆ ಬೀಳಲು ಇಷ್ಟು ಧಾರಾಳ ಸಾಕು. ಪದೇ ಪದೇ ಬೋಳಿಸಿದರೆ ದಟ್ಟವಾಗುತ್ತದೆ ಎಂಬುದು ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ ತೋರುತ್ತದೆ, ಅಷ್ಟೇ. ಕೂದಲು ಬೆಳೆಸಲು ಹಚ್ಚುವ ಮಿನಾಕ್ಸಿಡಿಲ್ ಔಷಧ ಬಳಸಿದರೂ ಫಲ ಕಾಣಲು ತಿಂಗಳುಗಟ್ಟಲೆ ಬೇಕು. ಈ ಉದ್ದೇಶಕ್ಕೆ ಅದರ ಗೊಡವೆಗೆ ಹೋಗಬೇಡಿ.

ತುರಿಕೆಗೂ ಆ ಕತ್ತರಿಸಿದ ತುದಿಯೇ ಕಾರಣ. ಕೂದಲು ಗಿಡ್ಡವಾಗಿರುವಾಗ ತುದಿ ಪಕ್ಕದ ಚರ್ಮಕ್ಕೆ ಚುಚ್ಚುತ್ತಿರುತ್ತದೆ. ಉದ್ದವಾಗಿ ಬಾಗಿದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ದಿನಕ್ಕೊಮ್ಮೆ ಮುಖಕ್ಕೆ ಹಾಕುವ ಸೌಮ್ಯ ಸೋಪಿನಿಂದ ತೊಳೆದು, ಇನ್ನೂ ತೇವವಿರುವಾಗಲೇ ಎರಡು ಹನಿ ಎಣ್ಣೆ ಅಥವಾ ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿ. ಗುಂಗುರು ಕೂದಲಿನವರಿಗೆ ಕೆನ್ನೆ, ಕುತ್ತಿಗೆ ಬೋಳಿಸುವ ಕಡೆ ತುದಿ ಚರ್ಮದೊಳಕ್ಕೇ ಹೊಕ್ಕು ಕೆಂಪು ಗುಳ್ಳೆ ಏಳುವುದುಂಟು. ಅಂಥವರು ಬ್ಲೇಡ್ ಬಿಟ್ಟು ಟ್ರಿಮ್ಮರ್‌ನಲ್ಲಿ ಒಂದು ಮಿಲಿಮೀಟರ್ ಉಳಿಸಿ ಕತ್ತರಿಸಬೇಕು. ಗುಳ್ಳೆ ಹಿಂಡಬಾರದು.

ಮೂರು ವಾರ ಮೀಸೆಗೆ ಕತ್ತರಿ ತಾಗಿಸಬೇಡಿ. ವಿರಳ ಜಾಗವನ್ನು ಅಕ್ಕಪಕ್ಕದ ಕೂದಲು ಮುಚ್ಚುವುದು ಅದು ಉದ್ದವಾದ ಮೇಲೆಯೇ. ಆಮೇಲೆ ತುಟಿಗೆ ತಾಗುವಷ್ಟನ್ನು ಮಾತ್ರ, ಬಾಚಣಿಗೆಯಿಂದ ಕೆಳಕ್ಕೆ ಬಾಚಿ, ನಡುವಿನಿಂದ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಕೂದಲು ಒಣಗಿರಬೇಕು. ಒದ್ದೆ ಕೂದಲು ಉದ್ದವಾಗಿ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೇರಿ ತುಟಿ ಮೇಲೆ ಖಾಲಿ ಪಟ್ಟಿ ಉಳಿಯುತ್ತದೆ.

ಪ್ರಶ್ನೆ: ಮೀಸೆ ಚೆನ್ನಾಗಿ ಬಂತು, ಎಲ್ಲರೂ ಹೊಗಳಿದರು, ಹಣ ಮಾತ್ರ ಬರಲಿಲ್ಲ. ಎಲ್ಲಿ ತಪ್ಪುತ್ತದೆ?

ಉತ್ತರ: ಬಹುಪಾಲು ಕೇಳುವುದರಲ್ಲೇ ತಪ್ಪುತ್ತದೆ. ನೂರು ಜನರಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಮನವಿಯನ್ನು ಪ್ರತಿಯೊಬ್ಬರೂ ಉಳಿದವರಿಗೆ ಹಾಕಿದ್ದು ಎಂದುಕೊಳ್ಳುತ್ತಾರೆ. ಒಬ್ಬೊಬ್ಬರಿಗೇ, ಹೆಸರು ಹಿಡಿದು ಬರೆಯಿರಿ. ಮೂರು ಸಾಲು ಸಾಕು: ಏನು ಮಾಡುತ್ತಿದ್ದೀರಿ, ಹಣ ಯಾವ ಸಂಸ್ಥೆಗೆ ಯಾವ ಕೆಲಸಕ್ಕೆ ಹೋಗುತ್ತದೆ, ಕೊಡುವುದು ಎಲ್ಲಿ. ‘ಕ್ಯಾನ್ಸರ್‌ಗಾಗಿ’ ಎಂದಷ್ಟೇ ಬರೆದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ರೋಗಿಗಳ ಚಿಕಿತ್ಸೆಯ ನೆರವಿಗೋ, ಸಂಶೋಧನೆಗೋ ಎಂಬುದು ಸ್ಪಷ್ಟವಿರಲಿ.

ಯಾರನ್ನೂ ಕೇಳುವ ಮೊದಲು ನಿಮ್ಮ ಕೈಲಾದಷ್ಟನ್ನು ನೀವೇ ಹಾಕಿ. ಸೊನ್ನೆ ತೋರಿಸುವ ಪುಟಕ್ಕೆ ಮೊದಲಿಗರಾಗಿ ಕೊಡಲು ಎಲ್ಲರಿಗೂ ಹಿಂಜರಿಕೆ, ಮೊದಲ ಮೊತ್ತ ನೋಡಿಯೇ ನಂತರದವರು ತಮ್ಮದನ್ನು ನಿಶ್ಚಯಿಸುತ್ತಾರೆ. ಒಂದನೇ ತಾರೀಖಿನ ನುಣ್ಣನೆ ಮುಖದ ಫೋಟೊ ತಪ್ಪದೆ ತೆಗೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ತಿಂಗಳ ಕೊನೆಯ ಫೋಟೊಗೆ ಬೆಲೆಯೇ ಇಲ್ಲ. ವಾರಕ್ಕೊಂದು ಫೋಟೊ, ಅದೇ ಜಾಗ, ಅದೇ ಬೆಳಕು, ಜೊತೆಗೆ ಆರೋಗ್ಯದ ಒಂದು ಮಾಹಿತಿ ಇರಲಿ. ಕೊಡುತ್ತೇನೆಂದು ಮರೆತವರಿಗೆ ಕೊನೆಯ ವಾರ ಇನ್ನೊಮ್ಮೆ ನೆನಪಿಸುವುದರಲ್ಲಿ ಸಂಕೋಚ ಬೇಡ.

ಹಣ ನಿಮ್ಮ ಖಾತೆಗೆ ಬರಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ದಾನಿಯ ಹಣ ನೇರ ಸಂಸ್ಥೆಯ ಪುಟಕ್ಕೆ ಹೋಗಿ, ರಸೀದಿ ದಾನಿಯ ಹೆಸರಿಗೇ ಬರಬೇಕು. ಯಾರಾದರೂ ನಗದೇ ಕೊಟ್ಟರೆ ಅವರೆದುರೇ ಹೆಸರು, ಮೊತ್ತ ಬರೆದು, ಅಂದೇ ಕಟ್ಟಿ, ರಸೀದಿ ಕಳಿಸಿ. ಸಂಸ್ಥೆ ನೋಂದಣಿಯಾಗಿದೆಯೇ, ವಾರ್ಷಿಕ ಲೆಕ್ಕಪತ್ರ ಪ್ರಕಟಿಸುತ್ತದೆಯೇ ಎಂದು ಅಕ್ಟೋಬರ್‌ನಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಮೀಸೆ ನೋಡಿ ಹಿರಿಯ ಸಹೋದ್ಯೋಗಿಯೊಬ್ಬರು ‘ಹಾಗಾದರೆ ನಾನೂ ಪ್ರಾಸ್ಟೇಟ್ ಟೆಸ್ಟ್ ಮಾಡಿಸಬೇಕಾ? ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತೇನೆ’ ಎಂದರು. ಏನು ಹೇಳಲಿ?

ಉತ್ತರ: ಅಭಿಯಾನ ಸಾರ್ಥಕವಾಗುವುದು ಇಲ್ಲಿಯೇ. ‘ಎಲ್ಲರೂ ಟೆಸ್ಟ್ ಮಾಡಿಸಿ’ ಎಂದು ಮಾತ್ರ ಹೇಳಬೇಡಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ವಯಸ್ಸಾದಂತೆ ನಾಳದ ಸುತ್ತಲಿನ ಒಳಭಾಗ ಊದಿಕೊಳ್ಳುವುದು ತೀರಾ ಸಾಮಾನ್ಯ, ಅದು ಕ್ಯಾನ್ಸರ್ ಅಲ್ಲ. ರಾತ್ರಿ ಏಳುವುದು, ಧಾರೆ ಸಣ್ಣಗಾಗುವುದು ಹೆಚ್ಚಾಗಿ ಇದರಿಂದಲೇ. ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಹೊರಭಾಗದಲ್ಲಿ. ಅದು ನಾಳವನ್ನು ಒತ್ತದ ಕಾರಣ ಆರಂಭದಲ್ಲಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ತೊಂದರೆ ಇಲ್ಲ ಎಂದು ನಿಶ್ಚಿಂತರಾಗುವಂತಿಲ್ಲ, ತೊಂದರೆ ಇದೆ ಎಂದು ಗಾಬರಿಯಾಗಬೇಕಿಲ್ಲ. ಅವರು ವೈದ್ಯರನ್ನು ಕಾಣುವುದಂತೂ ಸರಿ, ಯಾಕೆಂದರೆ ರಾತ್ರಿ ಏಳುವುದಕ್ಕೆ ಮಧುಮೇಹವೂ ಕಾರಣವಿರಬಹುದು.

50 ದಾಟಿದವರು, ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ ಒಂದು ಪ್ರೋಟೀನನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ವೈದ್ಯರೊಂದಿಗೆ ಮಾತಾಡಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ 45ಕ್ಕೇ. ಪಿಎಸ್‌ಎ ಏರಿದ್ದಕ್ಕೆಲ್ಲ ಕ್ಯಾನ್ಸರ್ ಕಾರಣವಲ್ಲ. ಗ್ರಂಥಿ ಊದಿದರೂ, ಮೂತ್ರದ ಸೋಂಕಿದ್ದರೂ ಏರುತ್ತದೆ. ಪರೀಕ್ಷೆಗೆ ಮುಂಚಿನ ಎರಡು ದಿನ ವೀರ್ಯ ಸ್ಖಲನ, ಜೋರಾದ ಸೈಕಲ್ ಸವಾರಿ ಬೇಡ. ಸೋಂಕಾಗಿದ್ದರೆ ಸುಮಾರು ಆರು ವಾರ ಬಿಟ್ಟು ಮಾಡಿಸಬೇಕು. ಅಂಕಿ ಹೆಚ್ಚಿದ್ದರೆ ಮುಂದೆ ಎಂಆರ್‌ಐ, ಅಗತ್ಯಬಿದ್ದರೆ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು). ನಿಧಾನವಾಗಿ ಬೆಳೆಯುವ ಗೆಡ್ಡೆಯಾದರೆ ಕೂಡಲೇ ಆಪರೇಷನ್ ಮಾಡದೆ ಕಾಲಕಾಲಕ್ಕೆ ಪರೀಕ್ಷಿಸುತ್ತ ನಿಗಾ ಇಡುವುದೂ ಒಂದು ಒಪ್ಪಿತ ವಿಧಾನ. ಆದರೆ ಮೂತ್ರದಲ್ಲಿ ರಕ್ತ ಕಂಡರೆ ಯಾವ ವಯಸ್ಸಿನವರೂ ಕಾಯಬಾರದು.

ಪ್ರಶ್ನೆ: ಮನೆಯಲ್ಲಿ ಮಾವನಿಗೆ ಕೀಮೊ ನಡೆಯುತ್ತಿದೆ. ಅವರ ಮೀಸೆಯೂ ಉದುರಿದೆ. ನಾನು ಬಿಟ್ಟರೆ ನೋವಾಗುವುದೇ?

ಉತ್ತರ: ಅವರನ್ನೇ ಕೇಳಿ, ಅದೂ ಶುರುಮಾಡುವ ಮುಂಚೆ. ಕೆಲವರಿಗೆ ತಮಗಾಗಿ ಯಾರೋ ಮಾಡುತ್ತಿದ್ದಾರೆಂಬ ಸಮಾಧಾನ, ಕೆಲವರಿಗೆ ಅದು ಬೇಡ. ಬೇಡ ಎಂದರೆ ಅಲ್ಲಿಗೆ ಬಿಡಿ. ಅವರ ಫೋಟೊ, ಕಾಯಿಲೆಯ ವಿವರವನ್ನು ಮನವಿಯಲ್ಲಿ ಬಳಸಲು ಬೇರೆಯಾಗಿಯೇ ಒಪ್ಪಿಗೆ ಪಡೆಯಬೇಕು. ಕೀಮೊದಿಂದ ಉದುರಿದ ಕೂದಲು ಚಿಕಿತ್ಸೆ ಮುಗಿದ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ ಎಂಬುದನ್ನು ಅವರಿಗೆ ಹೇಳಿ.

ಪ್ರಶ್ನೆ: ನನಗೆ 24. ವೃಷಣ ಪರೀಕ್ಷಿಸಿಕೊಳ್ಳಿ ಎನ್ನುತ್ತಾರೆ, ಹೇಗೆಂದು ಯಾರೂ ಹೇಳುವುದಿಲ್ಲ. ಕೇಳಲು ನಾಚಿಕೆ.

ಉತ್ತರ: ನಾಚಿಕೆ ಬೇಡ. ವೃಷಣದ ಕ್ಯಾನ್ಸರ್ ಹೆಚ್ಚಾಗಿ ಬರುವುದೇ 15ರಿಂದ 40ರ ವಯಸ್ಸಿನಲ್ಲಿ, ಬೇಗ ಸಿಕ್ಕರೆ 100ರಲ್ಲಿ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ.

ಬಿಸಿನೀರಿನ ಸ್ನಾನವಾದ ಮೇಲೆ ವೃಷಣಚೀಲದ ಚರ್ಮ ಸಡಿಲವಾಗಿರುತ್ತದೆ. ಆಗ ಒಂದೊಂದೇ ವೃಷಣವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದು, ಒತ್ತದೆ, ಮೆಲ್ಲಗೆ ಉರುಳಿಸಿ. ಮೈ ನುಣುಪಾಗಿ, ತುಸು ಗಟ್ಟಿಯಾಗಿರುತ್ತದೆ. ಹಿಂಭಾಗದಲ್ಲಿ ಮೆತ್ತನೆಯ ಸುರುಳಿಯಂಥದ್ದು ಸಿಗುತ್ತದೆ. ಅದು ವೀರ್ಯಾಣು ಸಾಗುವ ನಾಳ, ಗಂಟಲ್ಲ. ಒಂದು ತುಸು ದೊಡ್ಡದಿರುವುದು, ಒಂದು ಕೆಳಗೆ ಜೋತಿರುವುದು ಸಹಜ. ನಿಮ್ಮದು ಹೇಗಿದೆ ಎಂದು ನಿಮಗೆ ರೂಢಿಯಾದರೆ ಬದಲಾವಣೆ ಥಟ್ಟನೆ ತಿಳಿಯುತ್ತದೆ.

ವೃಷಣದ ಮೈಮೇಲೆಯೇ ಬಟಾಣಿ ಕಾಳಿನಷ್ಟು ಗಟ್ಟಿ ಗಂಟು, ಊತ, ಭಾರ ಅನ್ನಿಸುವುದು ಇವು ಎಚ್ಚರಿಕೆಯ ಲಕ್ಷಣ. ನೋವಿಲ್ಲವಲ್ಲ ಎಂದು ತಳ್ಳಿಹಾಕಬೇಡಿ, ಈ ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. ಹುಟ್ಟಿನಲ್ಲಿ ವೃಷಣ ಕೆಳಗಿಳಿಯದೆ ಉಳಿದಿದ್ದವರಿಗೆ ಅಪಾಯ ಹೆಚ್ಚು. ವೈದ್ಯರು ಅಲ್ಟ್ರಾಸೌಂಡ್ ಮತ್ತು ರಕ್ತಪರೀಕ್ಷೆ ಮಾಡಿಸುತ್ತಾರೆ. ಕ್ಯಾನ್ಸರ್ ಎಂದು ಬಲವಾದ ಶಂಕೆಯಿದ್ದರೆ ಸಾಮಾನ್ಯವಾಗಿ ಸೂಜಿ ಚುಚ್ಚಿ ಪರೀಕ್ಷಿಸದೆ, ತೊಡೆಸಂದಿಯ ಮೂಲಕ ಆ ವೃಷಣವನ್ನೇ ತೆಗೆಯುತ್ತಾರೆ. ಚುಚ್ಚಿದರೆ ಕ್ಯಾನ್ಸರ್ ಕೋಶಗಳು ಚರ್ಮದ ಕಡೆಗೆ ಹರಡುವ ಭಯವಿದೆ. ಉಳಿದ ಒಂದು ಆರೋಗ್ಯವಾಗಿದ್ದರೆ ದಾಂಪತ್ಯಕ್ಕೂ ಮಕ್ಕಳಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯ ಸಂಗ್ರಹಿಸಿಡುವ ಬಗ್ಗೆ ಕೇಳಿ.

ಒಮ್ಮೆಲೇ ವೃಷಣದಲ್ಲಿ ಸಹಿಸಲಾಗದ ನೋವು ಬಂದರೆ ಅದು ಕ್ಯಾನ್ಸರ್‌ಗಿಂತ ಹೆಚ್ಚಾಗಿ ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತದ್ದಿರಬಹುದು. ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಸುಮಾರು ಆರು ಗಂಟೆಯೊಳಗೆ ಬಿಡಿಸಿದರೆ ವೃಷಣ ಉಳಿಯುವ ಸಾಧ್ಯತೆ ಬಹಳ ಹೆಚ್ಚು.